ಮೂವತ್ತೊಂದನೇ ಪುಟದ ಮೂರನೇ ಸಾಲು

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೂತರೆ ಅಳು ಬರುತ್ತದೆ, ನಿಂತೇ ಹೇಳುತ್ತೇನೆ ಎಂದಳು. ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು ಆಸ್ಪತ್ರೆಯದು, ಇನ್ನೊಂದು ಕಾರ್ಖಾನೆಯದು.

ಅವಳ ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನಿನ ಕೊಕ್ಕೆಗೆ ಭಾರ ಕಟ್ಟುವವನು. ಮೇಲೆ ಕೂತ ಕ್ರೇನಿನವನಿಗೆ ಎತ್ತು, ಇಳಿಸು ಎಂದು ಸಿಳ್ಳೆಯಲ್ಲೇ ಹೇಳುತ್ತಿದ್ದುದರಿಂದ ಇಪ್ಪತ್ತೆರಡು ವರ್ಷದಿಂದ ಅವನಿಗೆ ಸಿಳ್ಳೆ ಎಂದೇ ಹೆಸರು. ಶನಿವಾರ, ಎಂಟನೇ ತಾರೀಖು, ಹನ್ನೊಂದು ಇಪ್ಪತ್ತಕ್ಕೆ ಕ್ರೇನಿಗೆ ತೂಗುಹಾಕಿದ್ದ ಅಡ್ಡತೊಲೆ ಮುರಿದು, ಉಕ್ಕಿನ ಹಾಳೆಗಳ ಕಟ್ಟು ಓರೆಯಾಗಿ ಬಿದ್ದು, ಅವನ ದವಡೆಯೂ ಎದೆಯೂ ಜಜ್ಜಿಹೋದವು. ಈಗ ಗಂಟಲಲ್ಲಿ ಕೊಳವೆ. ಪ್ರಜ್ಞೆ ಇದೆ, ಮಾತಿಲ್ಲ.

ಕಾರ್ಖಾನೆಯ ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ಕಾರ್ಮಿಕನು ಸರಪಳಿಯನ್ನು ತಪ್ಪು ಕೋನದಲ್ಲಿ ಕಟ್ಟಿದ್ದರಿಂದ ಅವಘಡ ಸಂಭವಿಸಿದೆ ಎಂದಿತ್ತು.

"ಅವರು ತಪ್ಪು ಕಟ್ಟೋರಲ್ಲ ಸಾರ್," ಎಂದಳು. "ಮನೇಲಿ ಬಟ್ಟೆ ಒಣಹಾಕೋ ಹಗ್ಗಾನೂ ನಾನು ಕಟ್ಟಿದ್ರೆ ಬಿಚ್ಚಿ ಮತ್ತೆ ಕಟ್ತಾರೆ. ಈಗ ಬಾಯಿ ಇಲ್ಲ ಅಂತ ಅವರ ಮೇಲೆ ಹಾಕ್ತಿದ್ದಾರೆ. ನಿನ್ನೆ ಆ ಕಾಗದ ಓದಿ ಹೇಳ್ದೆ. ಕಣ್ಣಲ್ಲಿ ನೀರು ಬಂತು. ಅವರ ಕಣ್ಣಲ್ಲಿ ನೀರು ನಾನು ಮದುವೆಯಾದಾಗಿನಿಂದ ನೋಡಿಲ್ಲ."

ಇನ್‌ಸ್ಪೆಕ್ಟರ್ ಐವತ್ತು ದಾಟಿದವನು. ಅವನ ಹೆಂಡತಿ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಒಂಬತ್ತು ವರ್ಷದಿಂದ ಇಬ್ಬರಿಗೂ ಒಂದೇ ಊರಿಗೆ ವರ್ಗವಾಗಿಲ್ಲ. ವಾರದಲ್ಲಿ ಒಂದು ದಿನ ಕೂಡಿ ಬಾಳಿ, ಮಿಕ್ಕ ಆರು ದಿನ ಫೋನಿನಲ್ಲಿ ಸಂಸಾರ. ನಿಂತೇ ಮಾತಾಡುವ ಹೆಂಗಸರ ಮಾತು ಸುಳ್ಳಾಗುವುದು ಕಡಿಮೆ ಎಂಬುದು ಅವನ ಅನುಭವ. ಒಂಬತ್ತು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ 'ಗೊತ್ತಿಲ್ಲ' ಎಂದು ಬರೆಸಿದ.

ಬರೆದವನು ಹಿರಿಯ ಕಾನ್‌ಸ್ಟೆಬಲ್. ಠಾಣೆಯವರು ಅವನನ್ನು ಗಡಿಯಾರ ಎನ್ನುತ್ತಿದ್ದರು. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ಒಂದು ಕೆಲಸಕ್ಕೆ ಎಷ್ಟು ನಿಮಿಷ ಹಿಡಿಯಬೇಕು, ಇವಿಷ್ಟನ್ನು ಅವನು ಉಸಿರಾಡುವಷ್ಟೇ ಸಹಜವಾಗಿ ಲೆಕ್ಕ ಇಡುತ್ತಿದ್ದ. ಊಟಕ್ಕೆ ಹತ್ತು ನಿಮಿಷ ತಡವಾದರೆ ಮಾತ್ರ ಆ ಲೆಕ್ಕ ಮುಖದ ಮೇಲೂ ಕಾಣುತ್ತಿತ್ತು.

ಹನ್ನೊಂದೂವರೆಗೆ ಇಬ್ಬರೂ ಕಾರ್ಖಾನೆಯಲ್ಲಿದ್ದರು. ಕಬ್ಬಿಣದ ಪುಡಿಯ ವಾಸನೆ, ಎತ್ತರದ ತಗಡಿನ ಚಾವಣಿ, ನೆಲದ ಮೇಲೆ ಹಳದಿ ಗೆರೆಗಳು. ಮುರಿದ ತೊಲೆಯ ಸುತ್ತ ಹಗ್ಗ ಕಟ್ಟಿದ್ದರು. ಕ್ರೇನಿನ ಒಂದು ಕೊಕ್ಕೆಯಿಂದ ತೂಗಿ, ತನ್ನ ಎರಡು ತುದಿಗಳಿಂದ ಉದ್ದನೆಯ ಭಾರವನ್ನು ಸಮನಾಗಿ ಎತ್ತುವ, ಆರು ಮೀಟರಿನ ಉಕ್ಕಿನ ತೊಲೆ ಅದು. ಸರಪಳಿ ಸಿಕ್ಕಿಸಲು ತುದಿಯಲ್ಲೊಂದು ತೂತಿರುವ ದಪ್ಪ ತಗಡನ್ನು, ಅಂದರೆ ಕಿವಿಯನ್ನು, ಬೆಸುಗೆ ಹಾಕಿದ್ದರು. ಆ ಕಿವಿ ತೊಲೆಯನ್ನು ಕೂಡುವ ಮೂಲೆಯಲ್ಲೇ ಮುರಿದಿತ್ತು.

ಮ್ಯಾನೇಜರ್ ಜೊತೆಯಲ್ಲೇ ಓಡಾಡುತ್ತ, ತೊಲೆ ಹೊಸದು, ಬಂದು ಹತ್ತು ತಿಂಗಳಾಯಿತಷ್ಟೇ, ಬಂದ ದಿನವೇ ಹೆಚ್ಚು ಭಾರ ಎತ್ತಿಸಿ ಪರೀಕ್ಷೆ ಮಾಡಿದ್ದೇವೆ, ಆಗ ಕಲ್ಲಿನ ಹಾಗೆ ನಿಂತಿತ್ತು ಎಂದು ಎರಡೆರಡು ಸಲ ಹೇಳಿದ. ಕೇಳದ ಪ್ರಶ್ನೆಗೆ ಉತ್ತರ ಕೊಡುವವನನ್ನು ಇನ್‌ಸ್ಪೆಕ್ಟರ್ ತಡೆಯುವುದಿಲ್ಲ. ಕೆಲಸವೇ ಸುಲಭವಾಗುತ್ತದೆ.

ಪಂಚನಾಮೆ ಬರೆಯುತ್ತಿದ್ದ ಗಡಿಯಾರ ಇದ್ದಕ್ಕಿದ್ದಂತೆ ಕುಕ್ಕರಗಾಲಿನಲ್ಲಿ ಕೂತ. ಅವನ ಅಪ್ಪ ಸೈಕಲ್ ರಿಪೇರಿ ಮಾಡುತ್ತಿದ್ದವನು. ಮುರಿದ ಪೆಡಲುಗಳನ್ನು ನೋಡಿಯೇ ಬೆಳೆದವನು ಇವನು.

"ಸಾರ್, ಇದು ಶನಿವಾರದ ಮುರಿತ ಅಲ್ಲ."

ಕಿವಿ ಮುರಿದ ಜಾಗದ ಮುಕ್ಕಾಲು ಪಾಲು ಕಂದುಬಣ್ಣದಲ್ಲಿ ಮಂಕಾಗಿತ್ತು. ಕಾಲು ಪಾಲು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

"ಹೊಳೀತಿರೋದು ಶನಿವಾರದ್ದು. ತುಕ್ಕು ಹಿಡಿದಿರೋದು ಹಳೇದು. ಬಿರುಕು ಒಳಗೊಳಗೇ ದಿನಾ ಚೂರು ಚೂರು ತಿಂದಿದೆ. ಸಿಳ್ಳೆ ಹೆಂಗೆ ಕಟ್ಟಿದ್ರೂ ಅವತ್ತಲ್ಲದಿದ್ರೆ ಮಾರನೇ ದಿನ ಬೀಳ್ತಿತ್ತು."

ಮ್ಯಾನೇಜರ್ ಕೆಮ್ಮಿದ. ಇದೇ ನಕ್ಷೆಯ ತೊಲೆಗಳು ಇನ್ನೆಷ್ಟಿವೆ ಎಂದು ಇನ್‌ಸ್ಪೆಕ್ಟರ್ ಕೇಳಿದ. ಐದು, ಎಲ್ಲವೂ ಈಗ ಕೆಲಸದಲ್ಲಿವೆ ಎಂಬ ಉತ್ತರ ಬಂತು. ತಲೆಯೆತ್ತಿ ನೋಡಿದರೆ ಒಂದು ಅವರ ಮೇಲೆಯೇ ಸಾಗುತ್ತಿತ್ತು. ಹನ್ನೆರಡು ಐದಕ್ಕೆ ಐದನ್ನೂ ಇಳಿಸಿ ಮುಟ್ಟುಗೋಲು ಹಾಕಲಾಯಿತು. ಉತ್ಪಾದನೆ ನಿಂತರೆ ನನ್ನ ಗತಿ ಏನು ಎಂದು ಮ್ಯಾನೇಜರ್ ಗೋಳಾಡಿದ. ಇನ್ನೊಬ್ಬನ ಗಂಟಲಿಗೆ ಕೊಳವೆ ಬಿದ್ದರೆ ಏನು ಅಂತ ಮೊದಲು ಹೇಳಿ, ಆಮೇಲೆ ನಿಮ್ಮ ಗತಿ ನೋಡೋಣ ಎಂದು ಇನ್‌ಸ್ಪೆಕ್ಟರ್ ಮೆಲ್ಲಗೇ ಹೇಳಿದ.

ತೊಲೆಯ ನಕ್ಷೆ ಕಾರ್ಖಾನೆಯದಲ್ಲ. ಪೇಟೆ ಬೀದಿಯಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಒಂದು ವಿನ್ಯಾಸ ಕಚೇರಿ ಮಾಡಿಕೊಟ್ಟದ್ದು. ಜೊತೆಗೆ ನಲವತ್ತಾರು ಪುಟಗಳ ವರದಿ. ಹಾಳೆ ತಿರುವಿದರೆ ನೀಲಿ, ಹಸಿರು, ಹಳದಿ, ಕೆಂಪು ಬಣ್ಣ ಬಳಿದ ತೊಲೆಯ ಚಿತ್ರಗಳು. ಕೊನೆಯ ಪುಟದಲ್ಲಿ 'ಸುರಕ್ಷಿತ' ಎಂಬ ಒಕ್ಕಣೆ, ಕೆಳಗೆ ರುಜು.

ಆ ವರದಿ ಇನ್‌ಸ್ಪೆಕ್ಟರನಿಗೆ ಕುರುಡನ ಕೈಗೆ ಕನ್ನಡಿ ಕೊಟ್ಟಂತಾಯಿತು. ಓದಿ ಹೇಳುವವರು ಬೇಕಿತ್ತು. ವಿಚಾರಿಸಿದಾಗ ಎಲ್ಲರೂ ಒಬ್ಬರನ್ನೇ ತೋರಿಸಿದರು. ಮೂವತ್ತು ವರ್ಷ ಇದೇ ಕೆಲಸ ಮಾಡಿ, ಅರ್ಧ ಊರಿನ ಇಂಜಿನಿಯರುಗಳಿಗೆ ಪಾಠ ಹೇಳಿ, ಈಗ ನಿವೃತ್ತರಾಗಿ ಮನೆಯ ಶೆಡ್ಡಿನಲ್ಲಿ ನೆರೆಯವರ ನೀರಿನ ಪಂಪು ರಿಪೇರಿ ಮಾಡುವ ಹಿರಿಯರು. ಜನ ಅವರನ್ನು ಗುರುಗಳು ಎನ್ನುತ್ತಿದ್ದರು.

ಮಾರ್ಚ್ 13, ಗುರುವಾರ, ಹತ್ತೂವರೆಗೆ ಇಬ್ಬರೂ ಆ ಶೆಡ್ಡಿನಲ್ಲಿ ಮೊಗಚಿದ ಡಬ್ಬಗಳ ಮೇಲೆ ಕೂತರು. ಗುರುಗಳು ಗ್ರೀಸಿನ ಕೈ ಒರೆಸಿಕೊಂಡು, ವರದಿಯ ರುಜುವಿನ ಪುಟ ಬಿಟ್ಟು ಮಿಕ್ಕದ್ದೆಲ್ಲ ಓದಿದರು. ಇದನ್ನು ಫೈನೈಟ್ ಎಲಿಮೆಂಟ್ ಅನಾಲಿಸಿಸ್ ಅನ್ನುತ್ತಾರೆ, ಹೆಸರಿಗೆ ಹೆದರಬೇಡಿ ಎಂದರು. ಇಡೀ ತೊಲೆ ಒಟ್ಟಿಗೆ ಏನು ಮಾಡುತ್ತದೆ ಎಂದು ಲೆಕ್ಕ ಹಾಕುವುದು ಕಷ್ಟ. ಹಾಗಾಗಿ ಕಂಪ್ಯೂಟರಿನಲ್ಲಿ ಅದನ್ನು ಸಾವಿರಾರು ಚಿಕ್ಕ ತುಂಡುಗಳ ಬಲೆಯಾಗಿ ಮಾಡಿ, ಒಂದೊಂದು ತುಂಡೂ ಪಕ್ಕದ್ದನ್ನು ಎಷ್ಟು ಎಳೆಯುತ್ತದೆ, ಎಷ್ಟು ಒತ್ತುತ್ತದೆ ಎಂದು ಕೇಳುವುದು. ಅಷ್ಟೇ.

"ಅಂದ್ರೆ ಕಂಪ್ಯೂಟರ್ ಹೇಳಿದ್ದು ಸುಳ್ಳಾ?" ಎಂದ ಗಡಿಯಾರ.

"ಕಂಪ್ಯೂಟರ್ ಸುಳ್ಳೂ ಹೇಳಲ್ಲ, ನಿಜಾನೂ ಹೇಳಲ್ಲಪ್ಪ. ಕೇಳಿದ್ದಕ್ಕೆ ಹೇಳುತ್ತೆ. ಬೇಡ ಅನ್ನಕ್ಕೆ ಬರಲ್ಲ ಅದಕ್ಕೆ."

ಮತ್ತೆ ತಮ್ಮ ಹುಡುಗರಿಗೆ ಹೇಳಿಕೊಡುತ್ತಿದ್ದುದನ್ನೆಲ್ಲ ಹೇಳಿದರು. ಮಾತು ಆಡಿ ಎಷ್ಟೋ ದಿನವಾದವರ ಹಾಗೆ ಹೇಳಿದರು. ಮೊದಲು ಕಾಗದದ ಮೇಲೆ ಕೈಯಲ್ಲೇ ಒಂದು ಅಂದಾಜು ಹಾಕಬೇಕು. ಕಂಪ್ಯೂಟರಿನ ಉತ್ತರ ಅದರ ನೆಂಟಸ್ತಿಕೆಗೂ ಬರದಿದ್ದರೆ ಎಲ್ಲೋ ಎಡವಿದ್ದೇವೆ ಅಂತಲೇ ಅರ್ಥ. ಮೇಲಿಂದ ಹತ್ತು ಟನ್ ಹೇರಿದರೆ ಆಧಾರಗಳು ಹೊತ್ತದ್ದನ್ನು ಕೂಡಿದಾಗ ಹತ್ತೇ ಬರಬೇಕು, ಒಂಬತ್ತು ಬಂದರೆ ಮನೆಗೆ ಹೋಗುವ ಹಾಗಿಲ್ಲ. ತೊಲೆಯನ್ನು ನಿಜವಾಗಿ ಎಲ್ಲಿ ಹಿಡಿದಿದ್ದಾರೆ ಅಂತ ಹೋಗಿ ಕಣ್ಣಾರೆ ನೋಡಬೇಕು, ಕುರ್ಚಿಯಲ್ಲಿ ಕೂತು ಊಹಿಸಬಾರದು. ಬಣ್ಣದ ಚಿತ್ರಕ್ಕೆ ಮರುಳಾಗಬಾರದು, ಪಕ್ಕದಲ್ಲಿರುವ ಅಂಕಿ ಓದಬೇಕು.

"ಇವೆಲ್ಲಾ ಇಲ್ಲಿ ಮಾಡಿದ್ದಾರಾ?"

"ಒಂದೂ ಬಿಡದೆ ಮಾಡಿದ್ದಾಳೆ," ಎಂದರು ಗುರುಗಳು. ಮಾಡಿದ್ದಾಳೆ ಎಂದು ಬಾಯಿ ತಪ್ಪಿ ಬಂದದ್ದು ಅವರಿಗೂ ಆಮೇಲೆ ಗೊತ್ತಾಯಿತು. ರುಜುವಿನ ಪುಟ ನೋಡುವ ಅಗತ್ಯ ಅವರಿಗಿರಲಿಲ್ಲ. ತಾನು ಕಲಿಸಿದ ಕೈ ಎಂದು ಮೂರನೇ ಪುಟಕ್ಕೇ ಗುರುತು ಹಿಡಿದಿದ್ದರು. "ನನ್ನ ಹತ್ರ ಕಲಿತವರಲ್ಲಿ ಅವಳಷ್ಟು ಅಚ್ಚುಕಟ್ಟು ಇನ್ನೊಬ್ರಿಲ್ಲ. ಬಲೆಯಕ್ಕ ಅಂತಾರೆ ಅವಳನ್ನ ಆಫೀಸಲ್ಲಿ."

ಇನ್‌ಸ್ಪೆಕ್ಟರ್ ಆ ಹೆಸರು ಬರೆದುಕೊಂಡ. ಗುರುಗಳು ಮೂವತ್ತೊಂದನೇ ಪುಟ ಬಿಡಿಸಿ ಅವನ ತೊಡೆಯ ಮೇಲಿಟ್ಟರು. ಒಂದು ಪುಟ್ಟ ಪಟ್ಟಿ, ಮೂರು ಸಾಲು. ತುಂಡು ಇಪ್ಪತ್ತು ಮಿಲಿಮೀಟರ್ ಇದ್ದಾಗ, ಕಿವಿ ತೊಲೆಯನ್ನು ಕೂಡುವ ಆ ಮೂಲೆಯಲ್ಲಿ ಒತ್ತಡ 118. ಹತ್ತು ಮಿಲಿಮೀಟರಿಗೆ 151. ಐದಕ್ಕೆ 158. ಮೀರಬಾರದ ಮಿತಿ 175.

ಇದು ಕೊನೆಯ ಪಾಠ ಎಂದರು. ಬಲೆ ಒರಟಾಗಿದ್ದರೆ ಉತ್ತರವೂ ಒರಟು. ಹಾಗಾಗಿ ಬಲೆಯನ್ನು ಅರ್ಧಕ್ಕರ್ಧ ಸಣ್ಣದು ಮಾಡಿ ಮತ್ತೆ ಕೇಳಬೇಕು. ಉತ್ತರ ಏರಿತೋ, ಇನ್ನೂ ಸಣ್ಣದು ಮಾಡಿ ಕೇಳಬೇಕು. ಏರುವುದು ನಿಂತು ಒಂದು ಕಡೆ ಕೂತಾಗಲೇ ಅದನ್ನು ನಂಬಬೇಕು. ಇಲ್ಲಿ 151 ಇದ್ದದ್ದು 158ಕ್ಕೆ ಬಂದು ಕೂತಿದೆ. ಕಾಗದದ ಪ್ರಕಾರ ತಪ್ಪೇ ಇಲ್ಲ.

"ಹಾಗಾದ್ರೆ ತೊಲೆ ಯಾಕೆ ಮುರೀತು?"

ಗುರುಗಳು ಆ ಪಟ್ಟಿಯನ್ನೇ ಮತ್ತೆ ಓದತೊಡಗಿದರು. ಗಡಿಯಾರ ಮಧ್ಯೆ ಬಾಯಿ ಹಾಕಿದ. ಅವನಿಗೆ ಬೇರೊಂದು ಸಂದೇಹ.

"ಬಲೆ ಸಣ್ಣದಾದ್ರೆ ಲೆಕ್ಕಕ್ಕೆ ಹೊತ್ತು ಜಾಸ್ತಿ ಹಿಡಿಯಲ್ವಾ ಸಾರ್? ಹಿಟ್ಟು ನುಣ್ಣಗಾದಷ್ಟೂ ಬೀಸೋ ಹೊತ್ತು ಹೆಚ್ಚು."

"ಪ್ರತಿ ಸಲ ಸುಮಾರು ಎಂಟು ಪಟ್ಟು," ಎಂದರು ಗುರುಗಳು. "ಮೊದಲನೇದು ಐದಾರು ನಿಮಿಷ. ಎರಡನೇದು ಮುಕ್ಕಾಲು ಗಂಟೆ. ಮೂರನೇದು ಆರು ಏಳು ಗಂಟೆ. ಸಂಜೆ ಹಚ್ಚಿ ಮನೆಗೆ ಹೋಗಿ ಬೆಳಿಗ್ಗೆ ಬಂದು ನೋಡೋದು ವಾಡಿಕೆ."

"ಅದು ಎಷ್ಟು ಹೊತ್ತಿಗೆ ಮುಗೀತು ಅಂತ ಎಲ್ಲಾದರೂ ಬರೆದಿರುತ್ತಾ?"

"ಯಂತ್ರವೇ ಬರೆದಿಡುತ್ತೆ," ಎಂದು ಹೇಳಿ ಗುರುಗಳು ಪಂಪಿನ ಕಡೆ ತಿರುಗಿ ಕೂತರು.

ಅಂದೇ ಎರಡು ಹದಿನೈದಕ್ಕೆ ವಿನ್ಯಾಸ ಕಚೇರಿಯಲ್ಲಿ ಶೋಧ ನಡೆಯಿತು. ಒಟ್ಟು ಆರು ಮೇಜು, ಒಂದು ಕಿಟಕಿ. ಬಲೆಯಕ್ಕ ರಜೆಯಲ್ಲಿದ್ದಳು. ಭಾನುವಾರ ಸುದ್ದಿ ತಿಳಿದಾಗಿನಿಂದ ಜ್ವರ ಎಂದು ಅವಳ ಪಕ್ಕದ ಮೇಜಿನ ಹುಡುಗಿ ಹೇಳಿದಳು. ಕಂಪ್ಯೂಟರನ್ನು ಪಂಚರ ಎದುರಿಗೆ ಮುದ್ರೆ ಹಾಕಿ ಜಪ್ತಿ ಮಾಡಲಾಯಿತು. ಬಾಗಿಲಲ್ಲಿದ್ದ ಕಾವಲುಗಾರನ ಹಿಂದಿನ ವರ್ಷದ ಹಾಜರಿ ಪುಸ್ತಕವನ್ನೂ ಗಡಿಯಾರ ಬಗಲಿಗೆ ಸೇರಿಸಿಕೊಂಡ.

ಪ್ರಯೋಗಾಲಯದಿಂದ ಯಂತ್ರದ ದಾಖಲೆ ಬಂದದ್ದು ಮಾರ್ಚ್ 18ರಂದು. ಗಡಿಯಾರ ಅದನ್ನು ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ಒಂದು ಹಾಳೆಯಲ್ಲಿ ಬರೆದ. ಹಿಂದಿನ ವರ್ಷ ಏಪ್ರಿಲ್ 12, ಶುಕ್ರವಾರ. ಮೊದಲ ಲೆಕ್ಕ 9.14ರಿಂದ 9.20. ಎರಡನೆಯದು 10.02ರಿಂದ 10.51. ಮೂರನೆಯದು ಶುರು 3.38, 4.04ಕ್ಕೆ ಕೈಯಾರೆ ನಿಲ್ಲಿಸಲಾಗಿದೆ. ವರದಿ ಉಳಿಸಿದ್ದು 4.11. ಅವಳು ಬಾಗಿಲು ದಾಟಿದ್ದು 4.17.

"ಏಳು ಗಂಟೆ ಬೇಯೋದನ್ನ ಇಪ್ಪತ್ತಾರು ನಿಮಿಷಕ್ಕೆ ಇಳಿಸಿದ್ದಾರೆ ಸಾರ್," ಎಂದ ಗಡಿಯಾರ. "158 ಅನ್ನೋದು ಯಂತ್ರ ಹೇಳಿದ್ದಲ್ಲ. ಮನಸ್ಸಿಂದ ಬಂದದ್ದು."

ಹಾಳೆಯ ಕೆಳಗೆ ಇನ್ನೊಂದು ಸಾಲಿತ್ತು. ಏಪ್ರಿಲ್ 15, ಸೋಮವಾರ. ಅದೇ ಮೂರನೇ ಲೆಕ್ಕ ಮತ್ತೆ ಶುರು 8.05. ನಿಲ್ಲಿಸಿದ್ದು 11.50. ಇನ್‌ಸ್ಪೆಕ್ಟರ್ ಆ ಸಾಲನ್ನು ಬೆರಳಿನಲ್ಲಿ ಒತ್ತಿ ಹಿಡಿದ. ಶುಕ್ರವಾರದ್ದು ಅವಸರ ಎನ್ನಬಹುದು. ಸೋಮವಾರದ್ದಕ್ಕೆ ಏನೆನ್ನುವುದು?

ಗುರುಗಳನ್ನು ತಜ್ಞರೆಂದು ಕರೆಸಿ, ಅವರೆದುರೇ ಮೂರನೇ ಲೆಕ್ಕವನ್ನು ಪೂರ್ತಿ ಓಡಿಸಿದರು. ಮರುದಿನ ಬೆಳಿಗ್ಗೆ ಉತ್ತರ ಬಂತು: 226. ಆ ಮೂಲೆಯೊಂದನ್ನೇ ಇನ್ನೂ ಸಣ್ಣಗೆ ಹೆಣೆದು ಕೇಳಿದರೆ 241, ಮತ್ತೂ ಸಣ್ಣಗೆ 244. ಅಲ್ಲಿಗೆ ಕೂತಿತು. ಮಿತಿ 175. ಒಂದು ಸಲ ಎತ್ತಿದರೆ ಏನೂ ಆಗುತ್ತಿರಲಿಲ್ಲ. ದಿನಕ್ಕೆ ಅರವತ್ತು ಸಲದಂತೆ ಹತ್ತು ತಿಂಗಳು ಎತ್ತಿದ್ದರು.

"ಒಂದು ದಿನ ಉಪವಾಸ ಇರೋದು ಬೇರೆ, ವರ್ಷವಿಡೀ ಅರೆಹೊಟ್ಟೇಲಿರೋದು ಬೇರೆ," ಎಂದರು ಗುರುಗಳು. "ಮ್ಯಾನೇಜರಿಗೆ ಹೇಳಿ, ಅವರ ಪರೀಕ್ಷೆ ಒಂದು ದಿನದ್ದು." ಹೇಳಿಕೆಯನ್ನು ಇನ್ನೊಮ್ಮೆ ಓದಿ ರುಜು ಹಾಕಿ ಪೆನ್ನು ಮುಚ್ಚಿಕೊಟ್ಟರು.

ಮುಟ್ಟುಗೋಲು ಹಾಕಿದ್ದ ಐದು ತೊಲೆಗಳಿಗೂ ಬಣ್ಣದ ದ್ರವ ಸವರಿ ಪರೀಕ್ಷಿಸಿದಾಗ ಎರಡರ ಕಿವಿಯ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಮೂಡಿತು. ಅದೇ ಮೂಲೆ.

ಮಾರ್ಚ್ 20, ಗುರುವಾರ, ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್, ಗಡಿಯಾರ ಮತ್ತು ಒಬ್ಬ ಮಹಿಳಾ ಪೇದೆ ಬಲೆಯಕ್ಕನ ಮನೆಯ ಕರೆಗಂಟೆ ಒತ್ತಿದರು. ಎರಡು ಕೋಣೆಯ ಮನೆ. ಗೋಡೆಯ ಮೇಲೆ ದೊಡ್ಡದೊಂದು ಸಮುದ್ರಗಳ ನಕ್ಷೆ, ಅದರ ತುಂಬ ದಿನಾಂಕ ಬರೆದ ಪುಟ್ಟ ಚೀಟಿಗಳು. ಗಂಡ ಸರಕು ಹಡಗಿನಲ್ಲಿ ಇಂಜಿನಿಯರ್. ಹಡಗು ಯಾವ ದಿನ ಯಾವ ಬಂದರಿನಲ್ಲಿತ್ತು ಎಂಬ ಗುರುತು ಆ ಚೀಟಿಗಳು. ಬಾಗಿಲು ತೆಗೆದವಳಿಗೆ ನಲವತ್ತರ ಹತ್ತಿರ. ಜ್ವರ ಇರಲಿಲ್ಲ, ನಿದ್ದೆ ಇರಲಿಲ್ಲ.

ಇನ್‌ಸ್ಪೆಕ್ಟರ್ ಮೂವತ್ತೊಂದನೇ ಪುಟವನ್ನು ಮೇಜಿನ ಮೇಲಿಟ್ಟ.

"ಮೂರನೇ ಸಾಲು ಯಾರು ಬರೆದದ್ದು?"

"ನಾನು."

"ಯಂತ್ರ ಕೊಟ್ಟ ಅಂಕಿಯಾ?"

"ಅಲ್ಲ."

ಅಷ್ಟು ಬೇಗ ಒಪ್ಪುತ್ತಾಳೆ ಎಂದು ಅವನು ಎಣಿಸಿರಲಿಲ್ಲ. ಹೊತ್ತ ಭಾರ ಇಳಿಸಲು ಕಟ್ಟೆಗಾಗಿ ಕಾಯುತ್ತಿದ್ದವಳಂತೆ ಅವಳು ತಾನೇ ಹೇಳತೊಡಗಿದಳು. ವರದಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಕೊಡಬೇಕಿತ್ತು, ಸೋಮವಾರ ಉಕ್ಕು ಕತ್ತರಿಸುವವರಿದ್ದರು. ಶುಕ್ರವಾರ ಸಂಜೆ ಲೆಕ್ಕ ಹಚ್ಚಿ, ಶನಿವಾರ ಬೇಗ ಬಂದು ನೋಡುವ ಯೋಚನೆ ಇತ್ತು. ಮೂರು ಇಪ್ಪತ್ತೈದಕ್ಕೆ ಗಂಡನ ಫೋನು ಬಂತು. ಹಡಗು ದಾರಿ ಬದಲಿಸಿದೆ, ಇವತ್ತು ಸಂಜೆ ಬಂದರಿಗೆ ಬರುತ್ತೇವೆ, ನಾಳೆ ಮಧ್ಯಾಹ್ನದ ತನಕ ಇರುತ್ತೇವೆ ಎಂದ. ಇಲ್ಲಿಂದ ಬಂದರಿಗೆ ರೈಲಿನಲ್ಲಿ ಐದು ಗಂಟೆ. ರೈಲು 4.45ಕ್ಕೆ. ಅವನನ್ನು ನೋಡಿ ಒಂಬತ್ತು ತಿಂಗಳಾಗಿತ್ತು.

"ಲೆಕ್ಕ ಹಚ್ಚಿ ಕೂತೆ. ಇಪ್ಪತ್ತಾರು ನಿಮಿಷಕ್ಕೆ ನೂರರಲ್ಲಿ ಆರು ಪಾಲು ಆಗಿತ್ತು. ಅದನ್ನೇ ನೋಡ್ತಾ ಇದ್ರೆ ರೈಲು ಹೋಗುತ್ತೆ. ಇಂಥ ಮೂಲೆಗಳಲ್ಲಿ ಸಾಮಾನ್ಯವಾಗಿ ಇಷ್ಟೇ ಏರೋದು ಅಂತ ನನಗೆ ನಾನೇ ಹೇಳ್ಕೊಂಡೆ. 158 ಬರೆದೆ."

"ಸಹೋದ್ಯೋಗಿಗಳಿಗೆ ಹೇಳಬಹುದಿತ್ತು."

"ಹೇಳಬಹುದಿತ್ತು. ಬಲೆಯಕ್ಕ ತಡ ಮಾಡಿದಳು ಅನ್ನಿಸ್ಕೋಬಾರದು ಅಂತ ಹೇಳಲಿಲ್ಲ."

ಇನ್‌ಸ್ಪೆಕ್ಟರ್ ತನಗೆ ತಿಳಿಯಲೇಬೇಕಿದ್ದ ಪ್ರಶ್ನೆ ಕೇಳಿದ.

"ಸೋಮವಾರ ಮತ್ತೆ ಹಚ್ಚಿದಿರಿ. ಪೂರ್ತಿ ಆಗೋಕೆ ಬಿಟ್ಟಿದ್ರೆ ಮಧ್ಯಾಹ್ನ ಮೂರಕ್ಕೆ ಗೊತ್ತಾಗ್ತಿತ್ತು. ಯಾಕೆ ನಿಲ್ಲಿಸಿದಿರಿ?"

ಅವಳು ಗೋಡೆಯ ನಕ್ಷೆ ನೋಡಿದಳು.

"ಹಡಗು ತಡವಾಗಿ ಶನಿವಾರ ಬೆಳಿಗ್ಗೆ ಆರೂವರೆಗೆ ಬಂತು. ನಾನು ಸ್ಟೇಷನ್ ಬೆಂಚಿನ ಮೇಲೇ ಕಾದೆ. ಅವರನ್ನ ಹೊರಗೆ ಬಿಡಲಿಲ್ಲ, ನನ್ನನ್ನ ಒಳಗೆ ಬಿಡಲಿಲ್ಲ. ಎಂಟಕ್ಕೇ ಹೊರಡ್ತೀವಿ ಅಂದ್ರು. ತಂತಿ ಬೇಲಿ ಆಚೆ ಈಚೆ ನಿಂತು ಏಳು ಹತ್ತರಿಂದ ಏಳು ಐವತ್ತರ ತನಕ ಮಾತಾಡಿದ್ವಿ. ನಲವತ್ತು ನಿಮಿಷ. ಏನ್ ಮಾತಾಡಿದ್ವಿ ಅಂದ್ರೆ, ಮನೆ ನಲ್ಲಿ ಸೋರುತ್ತೆ ಅಂತ ನಾನು, ವಾಷರ್ ಬದಲಾಯಿಸು ಅಂತ ಅವರು. ನಕ್ಕಿದ್ವಿ ತುಂಬಾ." ಎದ್ದು ನಕ್ಷೆಯ ಒಂದು ಚೀಟಿಯನ್ನು ಒತ್ತಿ ಸರಿಮಾಡಿದಳು. "ಸೋಮವಾರ ಆ ಲೆಕ್ಕ ಅರ್ಧ ದಾಟಿದಾಗ ಹೆದರಿಕೆ ಶುರುವಾಯ್ತು. ಕೆಟ್ಟ ಅಂಕಿ ಬಂದ್ರೆ, ಆ ನಲವತ್ತು ನಿಮಿಷವೇ ತಪ್ಪು ಅಂತಾಗುತ್ತಲ್ಲ. ನನ್ನ ಹತ್ರ ಇದ್ದದ್ದು ಅದೊಂದೇ. ನಿಲ್ಲಿಸಿಬಿಟ್ಟೆ."

ಮಹಿಳಾ ಪೇದೆ ಕಿಟಕಿಯ ಕಡೆ ನೋಡುತ್ತಿದ್ದಳು. ಗಡಿಯಾರ ಬರೆಯುವುದನ್ನು ನಿಲ್ಲಿಸಿದ್ದ.

"ಮಿಕ್ಕ ಐದು ತೊಲೆ ಇಳಿಸಿದ್ದೀರಾ?" ಎಂದು ಅವಳು ಕೇಳಿದಳು.

ಇಳಿಸಿ ಒಂಬತ್ತು ದಿನವಾಯಿತು ಎಂದಾಗ ಕಣ್ಣು ಮುಚ್ಚಿಕೊಂಡಳು. ಹನ್ನೊಂದು ಮೂವತ್ತೈದಕ್ಕೆ ದಸ್ತಗಿರಿಯಾಯಿತು. ಸುಳ್ಳೆಂದು ತಿಳಿದೇ ಸುರಕ್ಷತಾ ವರದಿ ಸೃಷ್ಟಿಸಿದ್ದು, ಅದರಿಂದ ತೀವ್ರ ಗಾಯ. ಹೊರಡುವ ಮುಂಚೆ ಅವಳು ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಿ, ಕಿಟಕಿ ಹಾಕಿ, ಎರಡೆರಡು ಸಲ ಪರೀಕ್ಷಿಸಿ ಬಂದಳು.

ಕಾರ್ಖಾನೆ ತನ್ನ ಕಾಗದವನ್ನು ಹಿಂತೆಗೆದುಕೊಂಡಿತು. ಸಿಳ್ಳೆಯ ಕೆಲಸದಲ್ಲಿ ಯಾವ ಲೋಪವೂ ಇರಲಿಲ್ಲ ಎಂದು ಬರೆದ ಹೊಸ ಕಾಗದವನ್ನು ಇನ್‌ಸ್ಪೆಕ್ಟರ್ ತಾನೇ ಆಸ್ಪತ್ರೆಗೆ ಒಯ್ದ. ಹೆಂಡತಿ ಅದನ್ನು ಗಂಡನ ಕಿವಿಯ ಬಳಿ ಎರಡು ಸಲ ಓದಿದಳು. ಮೂರನೇ ಸಲ ಓದು ಎಂದು ಅವನು ಬೆರಳೆತ್ತಿ ತೋರಿಸಿದ.

ಸಂಜೆ ಐದಕ್ಕೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ಬರೆಯಲು ಕೂತ. ಪ್ರೇರಣೆ ಎಂಬ ಕಡೆ ಬಂದಾಗ ಪೆನ್ನು ನಿಂತಿತು. ಆಸೆ, ದ್ವೇಷ, ಲಾಭ, ಭಯ, ಇಷ್ಟು ವರ್ಷ ಅವನು ಬರೆದ ಯಾವ ಮಾತೂ ಇಲ್ಲಿಗೆ ಸರಿಹೊಂದಲಿಲ್ಲ. ಕೊನೆಗೆ ಆದದ್ದನ್ನೇ ಬರೆದ: 'ಆರೋಪಿಯು ಒಂಬತ್ತು ತಿಂಗಳು ಕಾಣದ ಗಂಡನನ್ನು ಕಾಣಲು ಹೋಗಿ, ನಲವತ್ತು ನಿಮಿಷ ಕಂಡು, ಆ ನಲವತ್ತು ನಿಮಿಷ ಕೆಡದಿರಲೆಂದು ಲೆಕ್ಕವನ್ನು ನಡುವೆ ನಿಲ್ಲಿಸಿದ್ದಾಳೆ.' ಓದಿ ನೋಡಿದ. ಮೇಲಧಿಕಾರಿಗಳು ಇದನ್ನು ತಿದ್ದಿಸುತ್ತಾರೆ ಎಂದು ಅವನಿಗೆ ಗೊತ್ತಿತ್ತು. ತಿದ್ದಿಸಲಿ ಎಂದು ರುಜು ಹಾಕಿದ.